ಬೊಜ್ಜು: ತಪ್ಪು ಬಾಯಿಯದ್ದೋ, ಬೀದಿಯದ್ದೋ?

2025ರ ಫೆಬ್ರವರಿ 23ರಂದು ಪ್ರಧಾನಿ ನರೇಂದ್ರ ಮೋದಿಯವರು ತಮ್ಮ ‘ಮನ್ ಕಿ ಬಾತ್’ ಭಾಷಣದಲ್ಲಿ ದೇಶದ ಜನತೆಗೆ ಒಂದು ಕರೆ ಕೊಟ್ಟರು. ಬೊಜ್ಜು ಹೆಚ್ಚುತ್ತಿದೆ, ಆದ್ದರಿಂದ ಪ್ರತಿಯೊಬ್ಬರೂ ಅಡುಗೆ ಎಣ್ಣೆಯ ಬಳಕೆಯಲ್ಲಿ ಶೇ. 10ರಷ್ಟನ್ನು ಕಡಿಮೆ ಮಾಡಬೇಕು ಎಂಬುದೇ ಆ ಕರೆ. ಮರುದಿನವೇ ಹತ್ತು ಮಂದಿ ಗಣ್ಯರನ್ನು ಹೆಸರಿಸಿ, ಅವರು ತಲಾ ಹತ್ತು ಮಂದಿಗೆ ಈ ಸವಾಲನ್ನು ದಾಟಿಸಬೇಕೆಂದು ಕೇಳಿಕೊಂಡರು.

ಕರೆಯಲ್ಲಿ ತಪ್ಪೇನೂ ಇಲ್ಲ. ಬಾಣಲೆಯ ಎಣ್ಣೆ ಕಡಿಮೆಯಾದರೆ ಯಾರಿಗೂ ನಷ್ಟವಿಲ್ಲ. ಆದರೆ ಆ ಕರೆಯ ಹಿಂದೆ ಒಂದು ನಂಬಿಕೆ ಅಡಗಿದೆ. ಬೊಜ್ಜು ಎಂಬುದು ಮೂಲತಃ ಬಾಯಿಚಪಲದ ಫಲ. ಬಾಯಿಗೆ ಬೀಗ ಹಾಕಿದರೆ ಮೈ ತಾನಾಗಿ ಇಳಿಯುತ್ತದೆ ಎಂಬ ನಂಬಿಕೆ ಅದು. ಇದಕ್ಕೆದುರಾಗಿ ಇನ್ನೊಂದು ವಾದವೂ ಇದೆ. ಕಂಪೆನಿಗಳ ತಿನಿಸು, ಕಲಬೆರಕೆ ಎಣ್ಣೆ, ನಡೆಯಲು ಜಾಗವಿಲ್ಲದ ರಸ್ತೆ, ಕುಳಿತೇ ಮಾಡುವ ಕೆಲಸ ಇವೆಲ್ಲ ಹೀಗಿರುವಾಗ ಒಬ್ಬ ವ್ಯಕ್ತಿ ಏನು ತಾನೇ ಮಾಡಿಯಾನು ಎಂಬ ವಾದ.

ಮೈಸೂರಿನ ಮಂಡಿ ಮೊಹಲ್ಲಾ, ಉದಯಗಿರಿ, ರಾಜೀವ್‌ನಗರ, ಗೌಸಿಯಾನಗರಗಳ ನಮ್ಮ ಮನೆಗಳಲ್ಲೂ ಈ ಎರಡು ವಾದಗಳು ಜೊತೆಜೊತೆಗೇ ಬದುಕಿವೆ. ವಿಪರ್ಯಾಸವಿರುವುದು ನಾವು ಅವನ್ನು ಬಳಸುವ ಕ್ರಮದಲ್ಲಿ. ನಮ್ಮ ಸ್ವಂತ ಹೊಟ್ಟೆಯ ಮಾತು ಬಂದಾಗ ‘ವ್ಯಾಪಾರದ ಒತ್ತಡ, ಹೊತ್ತು ಹೊತ್ತಿಗೆ ಊಟವಿಲ್ಲ, ಏನು ಮಾಡುವುದು?’ ಎಂದು ಕಾಲದ ಮೇಲೆ ಹೊರಿಸುತ್ತೇವೆ. ಮನೆಯ ಹೆಂಗಸರ ಮೈಯ ಮಾತು ಬಂದಾಗ ‘ದಿನವಿಡೀ ಕೂತು ತಿಂದರೆ ಇನ್ನೇನಾಗುತ್ತದೆ?’ ಎನ್ನುತ್ತೇವೆ. ಒಂದೇ ಕಾಯಿಲೆಗೆ ಗಂಡಸಿಗೊಂದು ಕಾರಣ, ಹೆಂಗಸಿಗೊಂದು ಕಾರಣ! ಹಾಗಾದರೆ ನಿಜವಾಗಿ ತಪ್ಪು ಯಾರದು?

ಮೊದಲು ಅಂಕಿ ಅಂಶಗಳನ್ನು ನೋಡೋಣ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಅಧಿಕ ತೂಕ ಅಥವಾ ಬೊಜ್ಜು ಉಳ್ಳವರು 2015-16ರಲ್ಲಿ ಶೇ. 23.3ರಷ್ಟಿದ್ದರು. ಮುಂದಿನ ಸಮೀಕ್ಷೆಯ ಹೊತ್ತಿಗೆ, ಅಂದರೆ 2019-20ರಲ್ಲಿ, ಅದು ಶೇ. 30.1ಕ್ಕೆ ಏರಿತು. ಪುರುಷರಲ್ಲಿ ಶೇ. 22.1ರಿಂದ ಶೇ. 30.9ಕ್ಕೆ ಏರಿತು. ಕೇವಲ ನಾಲ್ಕು ವರ್ಷಗಳಲ್ಲಿ! ಬೊಜ್ಜು ಎಂಬುದು ಬರೀ ಸಂಯಮದ ಕೊರತೆಯೇ ಆಗಿದ್ದರೆ, ಈ ನಾಲ್ಕು ವರ್ಷಗಳಲ್ಲಿ ಕರ್ನಾಟಕದ ಲಕ್ಷಾಂತರ ಮಂದಿ ಹಿಂದೂ, ಮುಸ್ಲಿಂ, ಕ್ರೈಸ್ತ ಎಂಬ ಭೇದವಿಲ್ಲದೆ ಒಟ್ಟಾಗಿ ಸಂಯಮ ಕಳಕೊಂಡರು ಎಂದಾಯಿತಲ್ಲವೇ? ಇದನ್ನು ನಂಬುವವರು ಯಾರಿದ್ದಾರೆ? ಮನುಷ್ಯರ ಸ್ವಭಾವ ನಾಲ್ಕು ವರ್ಷಗಳಲ್ಲಿ ಬದಲಾಗುವುದಿಲ್ಲ. ಬದಲಾದದ್ದು ಅವರ ಸುತ್ತಲಿನ ಅಂಗಡಿ, ಅಡುಗೆ, ಕೆಲಸ ಮತ್ತು ರಸ್ತೆ.

ಈ ವಿಷಯದಲ್ಲಿ ಜಗತ್ತಿಗೇ ಪಾಠ ಹೇಳಿದ ಊರು ಮೈಸೂರು ಎಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ನಮ್ಮ ತಾಯಂದಿರ ಬಾಯಲ್ಲಿ ಬರೀ ‘ಮಿಷನ್ ಆಸ್ಪತ್ರೆ’, ಶತಮಾನಕ್ಕೂ ಹಳೆಯದು. ಈ ಭಾಗದ ಎಷ್ಟೋ ಮುಸ್ಲಿಂ ಕುಟುಂಬಗಳ ಎರಡು ಮೂರು ತಲೆಮಾರು ಕಣ್ಣುಬಿಟ್ಟದ್ದು ಅಲ್ಲಿಯೇ. 1934ರಿಂದ ಅಲ್ಲಿ ಹುಟ್ಟಿದ ಶಿಶುಗಳ ತೂಕ, ಉದ್ದ ಮತ್ತು ತಲೆಯ ಸುತ್ತಳತೆಯನ್ನು ದಾದಿಯರು ಪುಸ್ತಕದಲ್ಲಿ ಬರೆದಿಟ್ಟರು. ಅರ್ಧ ಶತಮಾನದ ನಂತರ ಸಂಶೋಧಕರು ಆ ಪುಸ್ತಕಗಳನ್ನು ಹಿಡಿದು, ಅಂದಿನ ಶಿಶುಗಳನ್ನು ಅವರ ನಡುವಯಸ್ಸಿನಲ್ಲಿ ಹುಡುಕಿಕೊಂಡು ಹೊರಟರು. 1996ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟವಾಯಿತು. 1934ರಿಂದ 1954ರ ನಡುವೆ ಹುಟ್ಟಿದ 517 ಮಂದಿಯನ್ನು ಪರೀಕ್ಷಿಸಿದಾಗ, ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ಶೇ. 11ರಷ್ಟು ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ ಇತ್ತು. ಮೂರು ಕಿಲೋಗೂ ಮೀರಿ ತೂಗಿದ್ದವರಲ್ಲಿ ಅದು ಶೇ. 3ರಷ್ಟು ಮಾತ್ರ. ಅಂದರೆ, ಐವತ್ತನೆಯ ವಯಸ್ಸಿನ ಕಾಯಿಲೆಯ ಒಂದು ಬೇರು ತಾಯಿಯ ಗರ್ಭದಲ್ಲಿತ್ತು.

ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ ಗರ್ಭಿಣಿಯರನ್ನು ಸೇರಿಸಿಕೊಂಡು ಇನ್ನೊಂದು ಅಧ್ಯಯನ ಆರಂಭವಾಯಿತು. ‘ಪಾರ್ಥೆನಾನ್ ಅಧ್ಯಯನ’ ಎಂಬ ಹೆಸರಿನಿಂದ ಅದು ಪ್ರಸಿದ್ಧ. ಮೈಸೂರಿನ ನವಜಾತ ಶಿಶುಗಳು ಇಂಗ್ಲೆಂಡಿನ ಶಿಶುಗಳಿಗಿಂತ ಎಲ್ಲ ಅಳತೆಯಲ್ಲೂ ಚಿಕ್ಕವು. ಆದರೆ ಬೆನ್ನಿನ ಚರ್ಮದಡಿಯ ಕೊಬ್ಬು ಮಾತ್ರ ಆ ಪ್ರಮಾಣದಲ್ಲಿ ಕಡಿಮೆಯಾಗಿರಲಿಲ್ಲ ಎಂಬುದನ್ನು ಆ ತಂಡ ಕಂಡುಕೊಂಡಿತು. ನೋಡಲು ತೆಳು, ಒಳಗೆ ಕೊಬ್ಬು. ಗರ್ಭಾವಸ್ಥೆಯಲ್ಲಿ ಸಕ್ಕರೆ ಕಾಯಿಲೆ ಇದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ ಐದನೆಯ ವಯಸ್ಸಿಗೇ ಕೊಬ್ಬು ಹೆಚ್ಚಾಗಿತ್ತು. ಐದು ವರ್ಷದ ಆ ಹುಡುಗಿಗೆ ಯಾವ ಬಾಯಿಚಪಲ? ಅವಳು ಯಾವ ಸಂಯಮವನ್ನು ಮುರಿದಳು? ತಾಯಿ ಗರ್ಭಿಣಿಯಾಗಿದ್ದಾಗ ಸಕ್ಕರೆ ಪರೀಕ್ಷೆ ಮಾಡಿಸದ ಮನೆ, ಆ ಪರೀಕ್ಷೆಯನ್ನು ಎಲ್ಲ ಬಡ ಗರ್ಭಿಣಿಯರಿಗೂ ತಲುಪಿಸದ ವ್ಯವಸ್ಥೆ ಇವೆರಡರ ತೂಕವನ್ನೂ ಆ ಮಗು ತನ್ನ ಮೈಯಲ್ಲಿ ಹೊತ್ತಿದೆ. ಅದೇ ಹುಡುಗಿ ಇಪ್ಪತ್ತಕ್ಕೆ ಬಂದಾಗ ನಾವು ‘ಮೈ ನೋಡಿಕೊಳ್ಳಲಿಲ್ಲ’ ಎಂದು ಅವಳನ್ನೇ ದೂರುತ್ತೇವೆ.

ಬಾಯಿಚಪಲದ ವಾದಕ್ಕೆ ಇತ್ತೀಚೆಗೆ ಇನ್ನೊಂದು ಪೆಟ್ಟು ಬಿದ್ದಿದೆ. ತೂಕ ಇಳಿಸುವ ಚುಚ್ಚುಮದ್ದುಗಳಾದ ಮೌಂಜಾರೊ 2025ರ ಮಾರ್ಚ್‌ನಲ್ಲಿ, ವೆಗೋವಿ ಅದೇ ವರ್ಷದ ಜೂನ್‌ನಲ್ಲಿ ಭಾರತದ ಮಾರುಕಟ್ಟೆಗೆ ಬಂದವು. ಊಟವಾದ ಮೇಲೆ ಕರುಳಿನಲ್ಲಿ ಉಂಟಾಗುವ ಹಾರ್ಮೋನುಗಳನ್ನು ಅನುಕರಿಸಿ ಹಸಿವನ್ನು ತಗ್ಗಿಸುವುದೇ ಅವುಗಳ ಕೆಲಸ. ವಾರಕ್ಕೊಮ್ಮೆ ಚುಚ್ಚಿಸಿಕೊಂಡರೆ ಮೂರು ತಟ್ಟೆ ತಿನ್ನುತ್ತಿದ್ದವನು ಒಂದಕ್ಕೇ ಸಾಕೆನ್ನುತ್ತಾನೆ. ಹಾಗಾದರೆ ಪ್ರಶ್ನೆ ಏಳುತ್ತದೆ: ಬೊಜ್ಜು ಬರೀ ಶೀಲದ ದೋಷವಾಗಿದ್ದರೆ, ಒಂದು ಸೂಜಿಯಿಂದ ಅದು ಸರಿಹೋಗುವುದು ಹೇಗೆ? ಸುಳ್ಳು ಹೇಳುವವನಿಗೆ, ಬಡ್ಡಿ ತಿನ್ನುವವನಿಗೆ ಯಾರಾದರೂ ಸೂಜಿ ಕಂಡುಹಿಡಿದಿದ್ದಾರೆಯೇ? ಹಸಿವು ದೇಹದ ಆಜ್ಞೆ. ಒಬ್ಬೊಬ್ಬರ ದೇಹ ಒಂದೊಂದು ದನಿಯಲ್ಲಿ ಆ ಆಜ್ಞೆ ಕೊಡುತ್ತದೆ. ಮೆಲುದನಿಯ ಹಸಿವುಳ್ಳವನು ತನ್ನನ್ನು ಸಂಯಮಿ ಎಂದು ಕರೆದುಕೊಂಡು, ಕೂಗುವ ಹಸಿವುಳ್ಳವನನ್ನು ಹೊಟ್ಟೆಬಾಕ ಎಂದು ಹೀಯಾಳಿಸುವುದು ಜಂಭವೇ ಹೊರತು ನೀತಿಯಲ್ಲ. ಇನ್ನು ಬೆಲೆಯ ವಿಷಯ: ಮಾರುಕಟ್ಟೆಗೆ ಬಂದಾಗ ಮೌಂಜಾರೊಗೆ ತಿಂಗಳಿಗೆ ಸುಮಾರು 14,000ದಿಂದ 17,500 ರೂಪಾಯಿ ಬೇಕಿತ್ತು. ಹಣವಂತನಿಗೆ ಬೊಜ್ಜು ಒಂದು ಕಾಯಿಲೆ, ಅದಕ್ಕೆ ಔಷಧವಿದೆ. ಬೀಡಿ ಕಟ್ಟುವ ಹೆಂಗಸಿಗೆ ಅದೇ ಬೊಜ್ಜು ಒಂದು ತಪ್ಪು, ಅದಕ್ಕೆ ಉಪದೇಶವಿದೆ.

ಈ ಉಪದೇಶ ಯಾರಿಗೆ ಲಾಭ ಎಂಬುದನ್ನೂ ಕೇಳಬೇಕು. 2015ರಲ್ಲಿ ಅಮೆರಿಕದ ‘ನ್ಯೂಯಾರ್ಕ್ ಟೈಮ್ಸ್’ ಒಂದು ಸಂಗತಿಯನ್ನು ಬಯಲಿಗೆಳೆಯಿತು. ಬೊಜ್ಜಿನ ಬಗ್ಗೆ ಮಾತಾಡುವಾಗ ಜನರು ಆಹಾರಕ್ಕೆ ಅತಿಯಾದ ಗಮನ ಕೊಡುತ್ತಾರೆ, ವ್ಯಾಯಾಮಕ್ಕೆ ಕೊಡುವುದಿಲ್ಲ ಎಂದು ಸಾರುತ್ತಿದ್ದ ವಿಜ್ಞಾನಿಗಳ ಒಂದು ಕೂಟಕ್ಕೆ ಹಣ ಕೊಟ್ಟದ್ದು ಕೋಕಾ-ಕೋಲಾ ಕಂಪೆನಿ. ವರದಿ ಬಂದ ಮೇಲೆ ಕೊಲರಾಡೊ ವಿಶ್ವವಿದ್ಯಾನಿಲಯ ಹತ್ತು ಲಕ್ಷ ಡಾಲರನ್ನು ಹಿಂದಿರುಗಿಸಿತು. ವರ್ಷ ಮುಗಿಯುವುದರೊಳಗೆ ಆ ಕೂಟ ಮುಚ್ಚಿತು. ಸಕ್ಕರೆ ನೀರು ಮಾರುವವನೇ ‘ನೀನು ಓಡಲಿಲ್ಲ, ಅದಕ್ಕೇ ದಪ್ಪಗಾದೆ’ ಎಂದು ಹೇಳಿಸುತ್ತಿದ್ದ! ವೈಯಕ್ತಿಕ ಹೊಣೆಗಾರಿಕೆ ಎಂಬ ಸುಂದರ ಪದ ಕೆಲವೊಮ್ಮೆ ಎಂಥವರ ಜೇಬಿನಿಂದ ಹೊರಬರುತ್ತದೆ ಎಂಬುದಕ್ಕೆ ಇದೊಂದು ಉದಾಹರಣೆ.

ನಮ್ಮ ಸರಕಾರದ ನಡೆಯನ್ನೂ ನೋಡಿ. ಫೆಬ್ರವರಿಯಲ್ಲಿ ಎಣ್ಣೆ ಕಡಿಮೆ ಮಾಡಿ ಎಂದು ಕರೆ ಬಂತು. ಅದೇ 2025ರ ಮೇ ತಿಂಗಳ ಕೊನೆಯಲ್ಲಿ ಕಚ್ಚಾ ತಾಳೆ, ಸೋಯಾ ಮತ್ತು ಸೂರ್ಯಕಾಂತಿ ಎಣ್ಣೆಯ ಮೂಲ ಆಮದು ಸುಂಕವನ್ನು ಶೇ. 20ರಿಂದ 10ಕ್ಕೆ ಇಳಿಸಲಾಯಿತು. ಸೆಪ್ಟೆಂಬರ್ 22ರಿಂದ ಬಿಸ್ಕತ್ತು, ಕೇಕ್, ಚಾಕೊಲೇಟ್, ಐಸ್‌ಕ್ರೀಮ್‌ಗಳ ಮೇಲಿನ ಜಿಎಸ್‌ಟಿ ಶೇ. 18ರಿಂದ 5ಕ್ಕೆ, ಮಿಕ್ಸ್‌ಚರ್, ಭುಜಿಯಾ, ನೂಡಲ್ಸ್‌ಗಳ ಮೇಲಿನದು ಶೇ. 12ರಿಂದ 5ಕ್ಕೆ ಇಳಿಯಿತು. ಸಕ್ಕರೆ ಬೆರೆಸಿದ ತಂಪು ಪಾನೀಯಗಳ ಮೇಲಿನ ಭಾರವನ್ನು ಶೇ. 40ರಲ್ಲೇ ಉಳಿಸಿಕೊಂಡದ್ದು ಸರಿ. ಬೆಲೆಯೇರಿಕೆಯಿಂದ ಬಳಲುವ ಬಡವನಿಗೆ ಎಣ್ಣೆಯ ಬೆಲೆ ಇಳಿಯುವುದು ಬೇಡ ಎಂದು ಇಲ್ಲಿ ಹೇಳುತ್ತಿಲ್ಲ. ಆದರೆ ಬಾಯಿಂದ ‘ಕಡಿಮೆ ತಿನ್ನಿ’ ಎನ್ನುತ್ತಾ ಕೈಯಿಂದ ಕರಿದ ತಿಂಡಿಯ ದಾರಿಯನ್ನು ಸಲೀಸು ಮಾಡುವ ಸರಕಾರಕ್ಕೆ ಜನರ ಸಂಯಮದ ಬಗ್ಗೆ ಪಾಠ ಹೇಳುವ ನೈತಿಕ ಹಕ್ಕು ಎಷ್ಟಿದೆ? ನೆರೆಯ ಕೇರಳ 2016ರಲ್ಲಿ ಬ್ರಾಂಡೆಡ್ ಹೋಟೆಲುಗಳ ಬರ್ಗರ್, ಪಿಜ್ಜಾಗಳ ಮೇಲೆ ಶೇ. 14.5ರ ‘ಕೊಬ್ಬಿನ ತೆರಿಗೆ’ ಹಾಕಿತ್ತು. ಮರುವರ್ಷ ಜಿಎಸ್‌ಟಿ ಬಂದಾಗ ಅದು ಕೊಚ್ಚಿಹೋಯಿತು. ದಕ್ಷಿಣ ಅಮೆರಿಕದ ಚಿಲಿ ದೇಶವು 2016ರಿಂದ ಅತಿ ಸಕ್ಕರೆ, ಅತಿ ಉಪ್ಪು, ಅತಿ ಕೊಬ್ಬಿನ ಪೊಟ್ಟಣಗಳ ಮುಂಭಾಗದಲ್ಲೇ ಕಪ್ಪು ಗುರುತು ಮುದ್ರಿಸುವುದನ್ನು ಕಡ್ಡಾಯ ಮಾಡಿದೆ. ಓದು ಬಾರದ ತಾಯಿಗೂ ಅರ್ಥವಾಗುವ ಗುರುತು ಅದು. ನಮ್ಮಲ್ಲಿ ಪೊಟ್ಟಣದ ಹಿಂಬದಿಯ ಇರುವೆ ಸಾಲಿನಂಥ ಅಕ್ಷರಗಳನ್ನು ಓದಿ, ಲೆಕ್ಕ ಹಾಕಿ, ನಂತರ ಮಗುವಿಗೆ ಕೊಡಬೇಕು. ಕೊಟ್ಟ ಮೇಲೆ ತಪ್ಪು ತಾಯಿಯದ್ದು!

ಮೈಸೂರಿನ ಚರಿತ್ರೆಯಲ್ಲಿ ಇದಕ್ಕೊಂದು ಉತ್ತರವಿದೆ. 1898ರಲ್ಲಿ ಈ ಊರಿಗೆ ಪ್ಲೇಗ್ ಬಂತು. ಇಕ್ಕಟ್ಟಾದ ಕೇರಿಗಳಲ್ಲಿ ಮನೆ ಮನೆಗೂ ಸಾವು ನುಗ್ಗಿತು. ಅಂದಿನ ಆಡಳಿತ ‘ಮನೆ ಶುಚಿಯಾಗಿಟ್ಟುಕೊಳ್ಳದ್ದು ನಿಮ್ಮ ತಪ್ಪು’ ಎಂದು ಹೇಳಿ ಕೈತೊಳೆದುಕೊಂಡಿದ್ದರೆ ಇಂದಿನ ಮೈಸೂರು ಇರುತ್ತಿರಲಿಲ್ಲ. 1903ರಲ್ಲಿ ನಗರಾಭಿವೃದ್ಧಿಗಾಗಿ ಒಂದು ಟ್ರಸ್ಟ್ ಮಂಡಳಿಯನ್ನು ಸ್ಥಾಪಿಸಿ, ಚರಂಡಿ ತೆಗೆದು, ಅಗಲವಾದ ರಸ್ತೆಗಳ ಹೊಸ ಬಡಾವಣೆಗಳನ್ನು ಕಟ್ಟಲಾಯಿತು. ಮೈಸೂರಿನ ಸೌಂದರ್ಯವೆಂದು ಇಂದು ಪ್ರವಾಸಿಗರು ಕೊಂಡಾಡುವುದರಲ್ಲಿ ಒಂದು ಪಾಲು ಪ್ಲೇಗಿಗೆ ಕೊಟ್ಟ ಉತ್ತರ. ಕಾಯಿಲೆ ಊರಿಗೆ ಬಂದಾಗ ಊರನ್ನೇ ತಿದ್ದಬೇಕು ಎಂಬ ವಿವೇಕ ಅಂದು ಇತ್ತು.

ಇನ್ನೂ ಹತ್ತಿರದ ಉದಾಹರಣೆ ಬೇಕೇ? 2016ರ ಸ್ವಚ್ಛ ಸರ್ವೇಕ್ಷಣದಲ್ಲಿ ದೇಶದ 73 ನಗರಗಳ ಪೈಕಿ ಮೈಸೂರು ಮೊದಲ ಸ್ಥಾನ ಪಡೆಯಿತು. ಅದಕ್ಕೆ ಕಾರಣ ಜನರ ಶಿಸ್ತೇ, ಪಾಲಿಕೆಯ ವ್ಯವಸ್ಥೆಯೇ? ಎರಡೂ. ಪೌರಕಾರ್ಮಿಕರು ಬೆಳಿಗ್ಗೆ ಮನೆ ಬಾಗಿಲಿಗೆ ಬರುತ್ತಾರೆ ಎಂದು ಗೊತ್ತಿದ್ದರೆ ತಾನೇ ಗೃಹಿಣಿ ಹಸಿ ಕಸ, ಒಣ ಕಸ ಬೇರೆ ಮಾಡಿಡುವುದು? ಗಾಡಿ ಬಾರದ ಬೀದಿಯಲ್ಲಿ ಕಸದ ಬಗ್ಗೆ ಎಷ್ಟು ಉಪದೇಶ ಮಾಡಿದರೂ ರಾಶಿ ಮೂಲೆಯಲ್ಲೇ ಬೀಳುತ್ತದೆ. ವ್ಯಕ್ತಿಯ ಹೊಣೆ ಮತ್ತು ಸಮಾಜದ ಹೊಣೆ ಒಂದಕ್ಕೊಂದು ಶತ್ರುಗಳಲ್ಲ. ವ್ಯವಸ್ಥೆ ಬಾಗಿಲಿಗೆ ಬಂದಾಗಲೇ ವ್ಯಕ್ತಿಯ ಒಳ್ಳೆಯ ಇಚ್ಛೆಗೆ ಕಾಲು ಬರುತ್ತದೆ.

ಇದುವರೆಗಿನ ಮಾತು ಕೇಳಿ ನಮ್ಮಲ್ಲಿ ಹಲವರಿಗೆ ಸಮಾಧಾನವಾಗಿರಬಹುದು. ತಪ್ಪು ಸರಕಾರದ್ದು, ಕಂಪೆನಿಯದ್ದು. ನಾವು ನಿರಪರಾಧಿಗಳು ಎಂದು. ಇಲ್ಲ, ಅಷ್ಟು ಸುಲಭವಾಗಿ ಪಾರಾಗುವಂತಿಲ್ಲ. ‘ಸಮಾಜದ ತಪ್ಪು’ ಎನ್ನುವಾಗ ಆ ಸಮಾಜ ಯಾರು? ಅದು ದಿಲ್ಲಿಯಲ್ಲಿ ಮಾತ್ರ ಇದೆಯೇ? ನಮ್ಮ ಮೊಹಲ್ಲಾದಲ್ಲಿ, ನಮ್ಮ ಶಾದಿ ಮಹಲ್‌ನಲ್ಲಿ, ನಮ್ಮ ಅಡುಗೆ ಮನೆಯಲ್ಲಿ ಇಲ್ಲವೇ?

ನಮ್ಮ ಮದುವೆಗಳನ್ನೇ ತೆಗೆದುಕೊಳ್ಳಿ. ನಿಕಾಹ್ ಸರಳವಾಗಿರಬೇಕೆಂಬುದನ್ನು ವೇದಿಕೆಯ ಮೇಲೆ ಹೇಳುತ್ತೇವೆ. ಕೆಳಗೆ ಬಿರಿಯಾನಿ, ದಾಲ್ಚಾ, ಎರಡು ಬಗೆಯ ಕಬಾಬ್, ಮೇಲೆ ಜರ್ದಾ, ಐಸ್‌ಕ್ರೀಮ್. ನಿಶ್ಚಿತಾರ್ಥ, ಮೆಹಂದಿ, ನಿಕಾಹ್, ವಲೀಮಾ ಎಂದು ಒಂದೇ ಸಂಬಂಧಕ್ಕೆ ನಾಲ್ಕು ಔತಣ. ಬಡ ತಂದೆ ಸಾಲ ಮಾಡಿ ಬಡಿಸುತ್ತಾನೆ. ಬೇಡವೆಂದರೂ ತಟ್ಟೆಗೆ ಸುರಿಯುವುದನ್ನು ಗೌರವವೆಂದು ತಿಳಿದಿದ್ದೇವೆ. ರಮಝಾನಿನ ಸಂಜೆಗಳಲ್ಲಿ ಅಶೋಕ ರಸ್ತೆ, ಮಂಡಿ ಮೊಹಲ್ಲಾ ಕಡೆ ಒಮ್ಮೆ ನಡೆದು ಬನ್ನಿ. ಹಸಿವಿನ ಪಾಠ ಕಲಿಸುವ ತಿಂಗಳು ಕರಿದ ಪದಾರ್ಥಗಳ ಹಬ್ಬವಾಗಿ ಮಾರ್ಪಟ್ಟಿದೆ. ಉಪವಾಸದ ತಿಂಗಳಲ್ಲಿ ತೂಕ ಹೆಚ್ಚಿಸಿಕೊಂಡು ಹೊರಬರುವವರು ನಮ್ಮಲ್ಲಿ ಕಡಿಮೆಯೇ? ಉಣ್ಣುವುದರಲ್ಲಿ ಮಿತಿ, ಖರ್ಚಿನಲ್ಲಿ ಮಿತಿ ಎಂಬುದು ನಮಗೆ ಯಾವ ಪ್ರಧಾನಿಯೂ ಹೊಸದಾಗಿ ಕಲಿಸಬೇಕಾದ ಪಾಠವಲ್ಲ. ಗೊತ್ತಿದ್ದೂ ಮಾಡದ ಪಾಠ ಅದು.

ಈ ವ್ಯವಸ್ಥೆಯ ಎಲ್ಲ ಭಾರ ಕೊನೆಗೆ ಬೀಳುವುದು ಮನೆಯ ಹೆಣ್ಣಿನ ಮೇಲೆ. 2019-21ರ ಕುಟುಂಬ ಆರೋಗ್ಯ ಸಮೀಕ್ಷೆ ಮೊದಲ ಬಾರಿಗೆ ಜನರ ಸೊಂಟದ ಸುತ್ತಳತೆಯನ್ನೂ ಅಳೆಯಿತು. ಆ ಅಳತೆಗಳ ವಿಶ್ಲೇಷಣೆಯ ಪ್ರಕಾರ ದೇಶದಲ್ಲಿ ಹೊಟ್ಟೆಯ ಬೊಜ್ಜು ಇರುವ ಮಹಿಳೆಯರು ಶೇ. 40ರಷ್ಟಾದರೆ, ಪುರುಷರು ಶೇ. 12ರಷ್ಟು. ಹೆಂಗಸರು ಗಂಡಸರಿಗಿಂತ ಮೂರು ಪಟ್ಟು ಹೊಟ್ಟೆಬಾಕರೇ? ಹಾಗಲ್ಲ ಎಂಬುದು ಒಂದು ದಿನ ಅಡುಗೆ ಮನೆಯ ಬಾಗಿಲಲ್ಲಿ ನಿಂತು ನೋಡಿದರೆ ತಿಳಿಯುತ್ತದೆ. ಎಲ್ಲರಿಗೂ ಬಡಿಸಿ ಮಧ್ಯಾಹ್ನ ಮೂರು ಗಂಟೆಗೆ, ರಾತ್ರಿ ಹನ್ನೊಂದು ಗಂಟೆಗೆ ಉಣ್ಣುವವಳು ಅವಳು. ಮಾಂಸದ ತುಂಡು, ಮೊಟ್ಟೆ, ಹಣ್ಣು ಗಂಡಸರಿಗೆ, ಮಕ್ಕಳಿಗೆ ಹೋದ ಮೇಲೆ ಪಾತ್ರೆಯ ತಳದ ಅನ್ನ ಮತ್ತು ಎಣ್ಣೆ ತೇಲುವ ಸಾರು ಅವಳ ಪಾಲಿಗೆ. ಅನ್ನ ಚೆಲ್ಲಬಾರದೆಂಬ ಒಳ್ಳೆಯ ಮಾತನ್ನು ಪಾಲಿಸಲು ಮಕ್ಕಳ ತಟ್ಟೆಯಲ್ಲಿ ಉಳಿದದ್ದನ್ನು ತಿನ್ನುವವಳೂ ಅವಳೇ. ಹೆರಿಗೆಯಾದರೆ ನಲವತ್ತು ದಿನ ತುಪ್ಪದ ತಿನಿಸು ತಿನ್ನಿಸಿ ಮಂಚ ಬಿಟ್ಟು ಇಳಿಯಬಾರದು ಎನ್ನುತ್ತೇವೆ.

ಇನ್ನು ಕೆಲಸ. ಮುಸ್ಲಿಂ ದುಡಿಯುವ ಮಹಿಳೆಯರಲ್ಲಿ ಮನೆಯೊಳಗೆ ಕುಳಿತೇ ದುಡಿಯುವವರ ಪ್ರಮಾಣ ಹೆಚ್ಚು ಎಂಬುದನ್ನು ಸಾಚಾರ್ ಸಮಿತಿ 2006ರಲ್ಲೇ ಗುರುತಿಸಿತ್ತು. ಮೈಸೂರಿನಲ್ಲಿ ಅದರ ಅರ್ಥ ಬೀಡಿ ಮತ್ತು ಅಗರಬತ್ತಿ. ನೆಲದ ಮೇಲೆ ಕಾಲು ಮಡಚಿ, ಮೊರವನ್ನು ತೊಡೆಯ ಮೇಲಿಟ್ಟು ದಿನವಿಡೀ ಕುಳಿತರೆ ಬೆರಳು ಮಾತ್ರ ಓಡುತ್ತದೆ, ಮೈ ಓಡುವುದಿಲ್ಲ. ಸಂಜೆ ಮಂಡಿ ನೋವೆಂದು ವೈದ್ಯರ ಬಳಿ ಹೋದರೆ ಎರಡೇ ನಿಮಿಷದಲ್ಲಿ ಉತ್ತರ ಸಿಗುತ್ತದೆ: ‘ತೂಕ ಇಳಿಸಿ, ದಿನಾ ವಾಕಿಂಗ್ ಮಾಡಿ.’

ಎಲ್ಲಿ ವಾಕಿಂಗ್ ಮಾಡಬೇಕು? ಬೆಳಗಿನ ನಡಿಗೆಗೆ ಹೆಸರಾದ ಕುಕ್ಕರಹಳ್ಳಿ ಕೆರೆಯ ಏರಿ ನಗರದ ಪಶ್ಚಿಮಕ್ಕಿದೆ. ಉದಯಗಿರಿ, ರಾಜೀವ್‌ನಗರಗಳು ಇನ್ನೊಂದು ಬದಿಗೆ. ಫಜರ್ ನಮಾಜು ಮುಗಿಸಿ, ಮಕ್ಕಳಿಗೆ ತಿಂಡಿ ಕಟ್ಟಬೇಕಾದವಳು ಎರಡು ಬಸ್ಸು ಹಿಡಿದು ನಡೆಯಲು ಹೋಗುತ್ತಾಳೆಯೇ? ತನ್ನ ಬೀದಿಯಲ್ಲೇ ನಡೆಯೋಣವೆಂದರೆ ಕಾಲುದಾರಿಯ ಮೇಲೆ ಬೈಕು, ಅಂಗಡಿಯ ಸಾಮಾನು, ತೆರೆದ ಚರಂಡಿ. ಇದು ಪಾಲಿಕೆಯ ತಪ್ಪು. ಆದರೆ ಇವನ್ನೆಲ್ಲ ದಾಟಿ, ಬುರ್ಖಾ ತೊಟ್ಟು, ಅಕ್ಕಪಕ್ಕದ ಇಬ್ಬರನ್ನು ಕೂಡಿಕೊಂಡು ಅವಳು ಹೊರಟೇ ಬಿಟ್ಟಳು ಎಂದಿಟ್ಟುಕೊಳ್ಳಿ. ಮೂಲೆಯ ಚಹಾದಂಗಡಿಯಲ್ಲಿ ಕುಳಿತ ನಮ್ಮವರೇ ಏನನ್ನುತ್ತಾರೆ? ‘ಈ ವಯಸ್ಸಿನಲ್ಲಿ ಇವರಿಗೇನು ಶೋಕಿ?’ ಎಂದು. ಮನೆಯಲ್ಲಿ ಅತ್ತೆ, ಹೊರಗೆ ಬೀದಿ. ಎರಡು ವಾರದಲ್ಲಿ ಆ ನಡಿಗೆ ನಿಲ್ಲುತ್ತದೆ. ಆ ಮೇಲೆ ಅದೇ ಜನ ‘ಅವಳಿಗೆ ಮನಸ್ಸೇ ಇಲ್ಲ’ ಎನ್ನುತ್ತಾರೆ. ನಡೆಯುವ ದಾರಿಯನ್ನು ಮುಚ್ಚಿದವರೇ ನಡೆಯದವಳನ್ನು ದೂರುವುದಕ್ಕೆ ಏನೆನ್ನಬೇಕು?

ಇದು ಬರೀ ಆರೋಗ್ಯದ ಪ್ರಶ್ನೆಯೂ ಅಲ್ಲ. ಹೆಣ್ಣು ನೋಡಲು ಬಂದವರು ಚಹಾ ಕುಡಿದು, ‘ಹುಡುಗಿ ಸ್ವಲ್ಪ ದಪ್ಪ’ ಎಂದು ಫೋನಿನಲ್ಲಿ ತಿಳಿಸುತ್ತಾರೆ. ಕೆಲವೆಡೆ ಆ ದಪ್ಪಕ್ಕೂ ಬೆಲೆ ಕಟ್ಟಿ ವರದಕ್ಷಿಣೆಯ ಮೊತ್ತ ಏರಿಸುತ್ತಾರೆ. ಹೀಗೆ ಹೀಯಾಳಿಸಲ್ಪಟ್ಟ ಹುಡುಗಿ ತೆಳ್ಳಗಾಗುತ್ತಾಳೆಯೇ? ಅವಳು ಮದುವೆ ಮನೆಗೆ ಹೋಗುವುದನ್ನು ಬಿಡುತ್ತಾಳೆ, ಫೋಟೋದಿಂದ ತಪ್ಪಿಸಿಕೊಳ್ಳುತ್ತಾಳೆ, ಕೊನೆಗೆ ವೈದ್ಯರ ತೂಕದ ಯಂತ್ರದಿಂದಲೂ ತಪ್ಪಿಸಿಕೊಳ್ಳುತ್ತಾಳೆ. ಸಕ್ಕರೆ ಕಾಯಿಲೆ ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ. ಐಸಿಎಂಆರ್ ಸಹಯೋಗದ ಅಧ್ಯಯನವೊಂದು 2023ರಲ್ಲಿ ದೇಶದಲ್ಲಿ 10.1 ಕೋಟಿ ಮಂದಿಗೆ ಸಕ್ಕರೆ ಕಾಯಿಲೆ ಇದೆಯೆಂದು ಅಂದಾಜಿಸಿತು. ನಾಚಿಕೆ ಎಂಬುದು ಈ ಕಾಯಿಲೆಗೆ ಔಷಧವಲ್ಲ. ಕಾಯಿಲೆಯನ್ನು ಬಚ್ಚಿಡುವ ಪರದೆ.

ಹಾಗಾದರೆ ವ್ಯಕ್ತಿಗೆ ಹೊಣೆಯೇ ಇಲ್ಲವೇ ಎಂದು ಕೇಳಬಹುದು. ಖಂಡಿತ ಇದೆ. ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾದ ಮೇಲೂ ದಿನಕ್ಕೆ ಆರು ಲೋಟ ಸಿಹಿ ಚಹಾ ಕುಡಿಯುವ ವರ್ತಕನನ್ನು ಯಾವ ಸಮಾಜಶಾಸ್ತ್ರವೂ ಕಾಪಾಡದು. ಮೂಲಕಾರಣ ಗರ್ಭದಲ್ಲಿದೆ ಎಂದು ಕೈಚೆಲ್ಲಿ ಕುಳಿತುಕೊಳ್ಳುವುದು ಮಿಷನ್ ಆಸ್ಪತ್ರೆಯ ಅಧ್ಯಯನಕ್ಕೆ ಮಾಡುವ ಅಪಚಾರ. ಇಂದಿನ ಹುಡುಗಿಯನ್ನು ಚೆನ್ನಾಗಿ ನೋಡಿಕೊಂಡರೆ ನಾಳಿನ ಮಗು ಉಳಿಯುತ್ತದೆ ಎಂಬುದೇ ಅದರ ಸಂದೇಶ. ಆದರೆ ಹೊಣೆಯನ್ನು ಹಂಚುವುದಕ್ಕೆ ಒಂದು ನ್ಯಾಯವಿರಬೇಕು. ಆ ನ್ಯಾಯ ಸರಳ: ಬದಲಾಯಿಸುವ ಅಧಿಕಾರ ಯಾರ ಕೈಯಲ್ಲಿ ಎಷ್ಟಿದೆಯೋ ಹೊಣೆಯೂ ಅವರಿಗೆ ಅಷ್ಟೇ ಇರಬೇಕು. ಇಂದು ನಡೆಯುತ್ತಿರುವುದು ಇದರ ತಲೆಕೆಳಗು. ಅಧಿಕಾರ ಮೇಲಕ್ಕೇರುತ್ತದೆ, ಆರೋಪ ಕೆಳಕ್ಕಿಳಿಯುತ್ತದೆ. ಸುಂಕ, ತೆರಿಗೆ ನಿರ್ಧರಿಸುವ ಕೇಂದ್ರ ಸರಕಾರ ಜನರನ್ನು ದೂರುತ್ತದೆ. ಜನರಲ್ಲಿ ಗಂಡಸು ಹೆಂಗಸನ್ನು ದೂರುತ್ತಾನೆ. ಹೆಂಗಸು ಹೆಚ್ಚೆಂದರೆ ಮಗುವಿನ ಕೈಯ ಚಿಪ್ಸ್ ಪೊಟ್ಟಣ ಕಿತ್ತುಕೊಂಡು ಬೈಯುತ್ತಾಳೆ. ಏನನ್ನೂ ನಿರ್ಧರಿಸದ ಆ ಮಗು ಎಲ್ಲರ ಪಾಲಿನ ಬೈಗುಳವನ್ನೂ ತಿನ್ನುತ್ತದೆ.

ಆದ್ದರಿಂದ ಲೆಕ್ಕ ಹೀಗಿರಲಿ. ದಿನಸಿ ತರುವ ಹಣ ಯಾರ ಕೈಯಲ್ಲಿದೆಯೋ ಆ ಗಂಡಸು ಎಣ್ಣೆಯ ಡಬ್ಬಿಗೆ ಮೊದಲ ಹೊಣೆಗಾರ. ಎಣ್ಣೆ ಉಳಿಸಿದ ಹಣದಿಂದ ಬೇಳೆ, ಮೊಟ್ಟೆ, ಸೊಪ್ಪು ತಂದು, ಹೆಂಡತಿಯನ್ನು ತನ್ನ ಜೊತೆಗೇ ಊಟಕ್ಕೆ ಕೂರಿಸುವುದಕ್ಕೆ ಯಾವ ಸರಕಾರದ ಅನುಮತಿಯೂ ಬೇಕಿಲ್ಲ. ಮದುವೆಯ ಊಟವನ್ನು ನಿರ್ಧರಿಸುವವರು ಮನೆಯ ಹಿರಿಯರು. ಒಂದು ಅನ್ನ, ಒಂದು ಸಾರು, ಒಂದು ಸಿಹಿ ಸಾಕೆಂದು ಜಮಾಅತಿನ ಪ್ರಮುಖರು ತಮ್ಮ ಸ್ವಂತ ಮಕ್ಕಳ ಮದುವೆಯಲ್ಲೇ ಮೊದಲು ಮಾಡಿ ತೋರಿಸಲಿ. ಬಡವನ ಮನೆಯಲ್ಲಿ ಸರಳತೆಯನ್ನು ಬೋಧಿಸಿ, ಶ್ರೀಮಂತನ ಮನೆಯಲ್ಲಿ ಉಂಡು ಬರುವ ಉಪದೇಶಕ್ಕೆ ಬೆಲೆಯಿಲ್ಲ. ನಮ್ಮ ಸಂಸ್ಥೆಗಳು ನಡೆಸುವ ಶಾಲೆಗಳಿಗೆ ಅಂಗಳವಿದ್ದರೆ, ತರಗತಿಗಳು ಆರಂಭವಾಗುವ ಮುನ್ನ ಒಂದು ಗಂಟೆ ಆ ಗೇಟನ್ನು ಮಹಿಳೆಯರ ನಡಿಗೆಗೆ ತೆರೆಯಲು ಏನು ಕಷ್ಟ? ಶಾದಿ ಮಹಲ್‌ಗಳು ವಾರದ ಹಲವು ದಿನ ಖಾಲಿಯೇ ಇರುತ್ತವೆ. ಆ ವಿಶಾಲ ಹಾಲಿನಲ್ಲಿ ಹೆಣ್ಣುಮಕ್ಕಳು ವ್ಯಾಯಾಮ ಮಾಡಿದರೆ ಯಾವ ಮರ್ಯಾದೆ ಕೆಡುತ್ತದೆ?

ಪಾಲಿಕೆಯ ಪಾಲನ್ನೂ ಬಿಡುವಂತಿಲ್ಲ. ಮೈಸೂರು ಮಹಾನಗರ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2023ರ ನವೆಂಬರಿನಲ್ಲಿ ಮುಗಿದು, ಆಡಳಿತ ಅಧಿಕಾರಿಗಳ ಕೈಗೆ ಹೋಯಿತು. ವಾರ್ಡಿನ ಸದಸ್ಯನೇ ಇಲ್ಲದ ಬೀದಿಯಲ್ಲಿ ಕಾಲುದಾರಿಯನ್ನು ಯಾರಲ್ಲಿ ಕೇಳುವುದು ಎಂಬ ಪ್ರಶ್ನೆ ಮೈಸೂರಿಗರಿಗೆ ಹೊಸದಲ್ಲ. ಆದರೂ ಕೇಳಲೇಬೇಕು. ಧರ್ಮ, ಭಾಷೆಯ ಹೆಸರಿನಲ್ಲಿ ಬೀದಿಗಿಳಿಯಲು ನಮಗೆ ಪುರುಸೊತ್ತಿದೆ. ಉದಯಗಿರಿಯ ಹೆಂಗಸರಿಗೆ ನಡೆಯಲು ಒಂದು ಕಿಲೋಮೀಟರ್ ಸಮತಟ್ಟಾದ ಕಾಲುದಾರಿ ಬೇಕು, ಬೆಳಕಿರುವ ಒಂದು ಉದ್ಯಾನ ಬೇಕು ಎಂದು ಎಷ್ಟು ಮನವಿ ಪತ್ರಗಳನ್ನು ಕೊಟ್ಟಿದ್ದೇವೆ? ಚುನಾವಣೆಗೆ ಮತ ಕೇಳಲು ಬಂದವರಲ್ಲಿ ಎಷ್ಟು ಸಾರಿ ಇದನ್ನು ಕೇಳಿದ್ದೇವೆ? ಕೇಳದಿರುವುದು ಕೂಡ ಒಂದು ಆಯ್ಕೆಯೇ. ಆ ಆಯ್ಕೆಗೆ ನಾವೇ ಹೊಣೆ.

ಎಣ್ಣೆ ಶೇ. 10ರಷ್ಟು ಕಡಿಮೆಯಾಗಲಿ, ಒಳ್ಳೆಯದೇ. ಆದರೆ ಎದುರಿಗಿರುವವರ ಮೈಯನ್ನು ನೋಡಿ ಅವರ ಶೀಲವನ್ನು ಅಳೆಯುವ ಚಟವನ್ನು ಶೇ. 100ರಷ್ಟು ಬಿಟ್ಟರೆ ಇನ್ನೂ ಒಳ್ಳೆಯದು. ಮುಂದಿನ ಬಾರಿ ಯಾರಾದರೂ ‘ಅವಳು ಯಾಕೆ ಇಷ್ಟು ದಪ್ಪಗಾದಳು?’ ಎಂದು ಕೇಳಿದರೆ ಮರುಪ್ರಶ್ನೆ ಹಾಕಿ: ಅವಳು ಎಷ್ಟು ಹೊತ್ತಿಗೆ ಉಣ್ಣುತ್ತಾಳೆ? ಅವಳ ತಟ್ಟೆಗೆ ಏನು ಬರುತ್ತದೆ? ಅವಳು ನಡೆಯಲು ಹೊರಟರೆ ದಾರಿ ಬಿಡುವವರು ಯಾರು? ಈ ಮೂರು ಪ್ರಶ್ನೆಗಳಿಗೆ ಉತ್ತರಿಸಬೇಕಾದವರು ಅವಳಲ್ಲ, ನಾವು.